ಸಾಹೇಬರ ಹುಲ್ಲಿನ ಮೇಲೆ ನಮ್ಮ ಕುರಿ

ಊಟಿ, ನೀಲಗಿರಿ ಗುಡ್ಡ
೨೪ ಮೇ ೧೯೪೧, ಶನಿವಾರ

ಬೇವೂರಿನಲ್ಲಿರುವ ಸೋದರಸೊಸೆ ಮಾಳವ್ವಗೆ,

ಹುಲಿಯ ಕಣ್ಣಿಗೆ ಕಣ್ಣು ಕೊಟ್ಟು ಬಂದ, ಬಿಳಿಯ ಸಾಹೇಬನ ಕೈ ಹಿಡಿದು ಕುಲುಕಿದ, ಇಡೀ ಹಟ್ಟಿಯಲ್ಲಿ ಮೂರನೇ ಇಯತ್ತೆಯ ಮೆಟ್ಟಿಲು ತುಳಿದ ಒಬ್ಬನೇ ಗಂಡಸಾದ ನಿನ್ನ ಸೋದರಮಾವ ಯಮನೂರಪ್ಪ ಮಾಡುವ ಆಶೀರ್ವಾದಗಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಕುರಿಗಳೂ ಗಟ್ಟಿಮುಟ್ಟಾಗಿವೆ. ತಂದದ್ದು ಮೂವತ್ತು, ಹನ್ನೊಂದು ಮರಿ ಹಾಕಿ ಈಗ ನಲವತ್ತೊಂದಾಗಿವೆ. ಇದನ್ನು ಮೊದಲೇ ಏಕೆ ಬರೆದೆನೆಂದರೆ, ನಿನ್ನ ಅವ್ವ ಭೀಮಕ್ಕ ತಮ್ಮ ಬದುಕಿದ್ದಾನೋ ಇಲ್ಲವೋ ಎಂದು ಕೇಳುವ ಮುಂಚೆ ಕುರಿ ಹೇಗಿವೆ ಎಂದು ಕೇಳುತ್ತಾಳೆ.

ಅವ್ವನೆದುರು ಜೋರಾಗಿ ಓದುವ ಮುಂಚೆ ನೀನೊಬ್ಬಳೇ ಓದಿಕೊಳ್ಳಬೇಕಾದ ಒಂದು ಕರಾರು. ಈ ಕಾಗದವನ್ನು ನೀನು ಅವ್ವನಿಗೆ ಓದಿ ಹೇಳಬೇಕು. ಅವಳಿಗೆ ಅಕ್ಷರ ಬಾರದು. ನಿನಗೆ ಬರುತ್ತದೆ, ಹಳ್ಳದ ಉಸುಕಿನ ಮೇಲೆ ನಾನೇ ತಿದ್ದಿಸಿದ್ದು. ಎಲ್ಲಿ ಕುರಿಹಿಕ್ಕಿಯಷ್ಟು ದಪ್ಪ ಚುಕ್ಕೆ ಇಟ್ಟಿದ್ದೇನೋ ಅಲ್ಲಿಂದ ಬಾಯಿ ಮುಚ್ಚಿ ಮನಸ್ಸಿನಲ್ಲಿ ಓದಿಕೋ. ಇನ್ನೊಂದು ಚುಕ್ಕೆ ಬಂದ ಮೇಲೆ ಮತ್ತೆ ಜೋರಾಗಿ ಓದು. ನಡುವೆ ಅವ್ವ “ಯಾಕ ನಿಂತಿ?” ಅಂದರೆ, “ಮಾವನ ಅಕ್ಷರ ಕೋಳಿ ಕೆದರಿದಂಗ ಅದಾವ” ಅನ್ನು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿವೆ. ಆದರೂ ಹಾಗೆ ಅನ್ನು.

ಕಾರಹುಣ್ಣಿಮೆ ಕಳೆದ ಐದನೆಯ ದಿನ ನಿನಗೂ ನನಗೂ ಲಗ್ನ ಎಂದು ಅವ್ವ ಗೊತ್ತುಮಾಡಿದ್ದಾಳೆ. ಸೋದರಮಾವ ಇರುವಾಗ ಹೆಣ್ಣಿನ ಮೇಲಿನ ಮೊದಲ ಹಕ್ಕು ಅವನದು ಎಂಬುದು ನಮ್ಮಲ್ಲಿ ನಡೆದುಬಂದ ಮಾತು. ನನ್ನ ಮನೆಯವಳು ತೀರಿಕೊಂಡು ಎಂಟು ವರ್ಷವಾಯಿತು ಎಂಬುದು ಅವ್ವನ ಮಾತು. ನಾನು ರೈಲು ಹತ್ತುವ ದಿನ ಕೊಪ್ಪಳದ ಸ್ಟೇಷನ್ನಿಗೇ ಬಂದು ಅವಳು ಹೇಳಿದ್ದು ನಿನಗೆ ನೆನಪಿರಬೇಕು: “ಯಮನೂರ, ಹುಲಿ ಹಿಡದರೂ ಬಿಡಿಸ್ಕೊಂಡು ಬಾ. ನನ್ನ ಮಗಳು ನನ್ನ ತವರಮನಿಗೇ ಸೇರಬೇಕು. ಬ್ಯಾರೇದವರ ಹೊಸ್ತಿಲಾ ತುಳಿಯಾಕ ನಾ ಬಿಡಂಗಿಲ್ಲ.” ನೀನು ಅವಳ ಹಿಂದೆ ನಿಂತು ಕುರಿಗಳ ತಲೆ ಸವರುತ್ತಿದ್ದೆ.

ಆ ಮಾತಿಗೆ ಜವಾಬು ಈ ಕಾಗದದಲ್ಲಿದೆ. ಆದರೆ ಕಡೆಗೆ ಬರುತ್ತದೆ. ಇಷ್ಟು ದೂರ ಬಂದವನು ಮೊದಲು ತನ್ನ ಪ್ರವಾಸ ಹೇಳಿಕೊಳ್ಳದಿದ್ದರೆ ಬಂದದ್ದಾದರೂ ಏಕೆ?

ನಮ್ಮ ನವಾಬಸಾಹೇಬರಿಗೆ ಹೊಟ್ಟೆಯಲ್ಲಿ ಉರಿ ಎದ್ದದ್ದು, ಹಕೀಮರು ಬಂದು ನಾಡಿ ಹಿಡಿದದ್ದು ಊರಿಗೆಲ್ಲ ಗೊತ್ತು. ಅವರು ಬರೆದುಕೊಟ್ಟ ಔಷಧ ಎರಡು. ಒಂದು, ಎರೆಹೊಲದಲ್ಲಿ ಮೇಯ್ದ ಕುರಿಯ ಹಾಲು. ಇನ್ನೊಂದು, ತಣ್ಣಗಿನ ಗಾಳಿ. ಕುರಿ ಇದ್ದಲ್ಲಿ ಗಾಳಿ ಇಲ್ಲ, ಗಾಳಿ ಇದ್ದಲ್ಲಿ ಕುರಿ ಇಲ್ಲ. ಗಾಳಿಯನ್ನು ರೈಲಿಗೆ ಹಾಕಿ ಕೊಪ್ಪಳಕ್ಕೆ ತರಿಸುವುದು ನವಾಬರ ಕೈಯಲ್ಲೂ ಆಗದ ಕೆಲಸ. ಹಾಗಾಗಿ ನಮ್ಮ ಮೂವತ್ತು ಕುರಿಗೆ ರೈಲಿನ ಯೋಗ ಬಂತು. ಜೊತೆಗೆ ನಾನು, ನವಾಬರ ಅಡಿಗೆಯವನಾದ ತಾವರಗೇರಾದ ಇಬ್ರಾಹಿಂಸಾಬ. ಕುರಿಡಬ್ಬಿಯಲ್ಲಿ ಕೂತು ಹುಬ್ಬಳ್ಳಿ ನೋಡಿದೆ, ಬೆಂಗಳೂರು ನೋಡಿದೆ, ಮೈಸೂರು ನೋಡಿದೆ. ಮೈಸೂರಿನ ಸ್ಟೇಷನ್ನಿನಲ್ಲಿ ಒಬ್ಬ ಟೋಪಿಯವನು ನನಗೆ ಸಲಾಮು ಮಾಡಿದ. ನನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದರು ಎಂದು ಇಬ್ರಾಹಿಂಸಾಬ ಹೇಳುತ್ತಾನೆ. ಅವನ ಮಾತು ನಂಬಬೇಡಿ.

ನಂಜನಗೂಡಿನಲ್ಲಿ ಕುರಿ ಇಳಿಸಿ, ಅಲ್ಲಿಂದ ನಡೆದು ಬಂಡೀಪುರವೆಂಬ ಕಾಡು ಹೊಕ್ಕೆವು. ಅದು ಮೈಸೂರು ಮಹಾರಾಜರು ಮೃಗಗಳಿಗಾಗಿಯೇ ಕಾಯ್ದಿಟ್ಟ ಕಾಡು. ಅಲ್ಲಿ ಕೋವಿ ಎತ್ತುವ ಹಾಗಿಲ್ಲ, ಗದ್ದಲ ಮಾಡುವ ಹಾಗಿಲ್ಲ. ಕಾಡಿನ ಗಾರ್ಡು ನಮ್ಮನ್ನು ತಡೆದು ಹೇಳಿದ: “ಇಲ್ಲಿ ಪ್ರಾಣಿ ನಿಮ್ಮನ್ನ ಮುಟ್ಟಿದ್ರೆ ನೀವು ಬಂದು ನಮಗೆ ಹೇಳಿ. ನೀವು ಪ್ರಾಣೀನ ಮುಟ್ಟಿದ್ರೆ ನಾವೇ ಬಂದು ನಿಮಗೆ ಹೇಳ್ತೀವಿ.” ಪ್ರಾಣಿ ಮುಟ್ಟಿದ ಮೇಲೆ ಹೋಗಿ ಹೇಳುವವನು ಯಾರು ಎಂದು ಇಬ್ರಾಹಿಂಸಾಬ ಕೇಳಿದ. ಗಾರ್ಡು ನಕ್ಕು ದಾರಿ ಬಿಟ್ಟ.

ಎರಡನೆಯ ದಿನ ಹೊತ್ತು ವಾಲುವ ಹೊತ್ತಿಗೆ ಕೆರೆಯೊಂದರ ಬಳಿ ಬಂದೆವು. ಅಲ್ಲಿ ಅದು ಇತ್ತು. ಅಕ್ಕಾ, ನಮ್ಮ ಹೋರಿಗಿಂತ ಉದ್ದ, ಮುಖ ಬಾನಿಯಷ್ಟು. ಕುರಿ ಮೂವತ್ತೂ ಗಪ್ಪಾದವು. ನಾನು ಕೋಲು ಊರಿ ನಿಂತೆ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. “ಹೋಗಲೇ, ಇವು ಬೇವೂರಿನ ಕುರಿ” ಅಂದೆ. ಬಾಲ ಮಡಿಚಿಕೊಂಡು ಹೋಯಿತು.

● ಮಾಳಿ, ಕೆರೆಯ ಆಚೆ ದಂಡೆಯಲ್ಲಿ, ಒಂದು ಹೊಲದಷ್ಟು ದೂರ, ಹುಲಿ ನೀರು ಕುಡಿಯುತ್ತಿತ್ತು. ಕೋಲು ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಕುರಿಗಳ ನಡುವೆ ಹೊಕ್ಕು, ಮೇಲೆ ಕರಿಕಂಬಳಿ ಎಳೆದುಕೊಂಡು, ಮಂಡಿಯೂರಿ ಕುರಿಯಾಗಿಬಿಟ್ಟೆ. ಮರದ ಮೇಲಿಂದ ಇಬ್ರಾಹಿಂಸಾಬ ಕುರಿ ಎಣಿಸಿದನಂತೆ. ಕೆಳಗಿಳಿದು ಬಂದು ಅಂದ, “ಯಮನೂರಪ್ಪ, ಹೆದರಬ್ಯಾಡಪಾ, ಒಂದೂ ಹೋಗಿಲ್ಲ. ಮ್ಯಾಲೆ ಒಂದು ಹೆಚ್ಚೇ ಆಗ್ಯಾವ.” ಆ ಮೂವತ್ತೊಂದನೆಯ ಕುರಿ ಎದ್ದು ಕಂಬಳಿ ಕೊಡವಿಕೊಂಡಿತು. ಇದನ್ನು ಅವನು ಊರಲ್ಲಿ ಹೇಳದಿರಲಿ ಎಂದು ದಿನಾ ಅವನಿಗೆ ಉಳ್ಳಾಗಡ್ಡಿ ಹೆಚ್ಚಿಕೊಡುತ್ತಿದ್ದೇನೆ. ●

ಕಾಡು ದಾಟಿ ಗುಡ್ಡ ಹತ್ತಿದೆವು. ಊಟಿ ಎಂದರೆ ಹೇಗೆ ಹೇಳಲಿ? ನೀವು ಅಲ್ಲಿ ಬೇವಿನ ನೆರಳು ಹುಡುಕುತ್ತಿರುವ ಈ ಬ್ಯಾಸಗಿಯಲ್ಲಿ ಇಲ್ಲಿ ನಾನು ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಮೊದಲ ದಿನ ಬೀಡಿ ಸೇದದೆಯೇ ಹೊಗೆ ಬಿಡುತ್ತ ಸಂಜೆಯವರೆಗೂ ಕೂತಿದ್ದೆ. ಬಿಳಿಯರು ಮನೆಯೊಳಗೇ ಗೋಡೆಗೆ ಗೂಡು ಮಾಡಿ ಬೆಂಕಿ ಹಾಕಿಕೊಂಡು ಅದರ ಮುಂದೆ ಕೂರುತ್ತಾರೆ. ಅಡಿಗೆ ಏನೂ ಇಲ್ಲ, ಸುಮ್ಮನೆ ಕೂರುವುದು. ನಾಯಿಗಳಿಗೆ ಅಂಗಿ ತೊಡಿಸಿ ಹಗ್ಗ ಕಟ್ಟಿಕೊಂಡು ತಿರುಗಾಡುತ್ತಾರೆ. ನಾಯಿ ಅವರನ್ನು ಎಳೆಯುತ್ತದೋ ಅವರು ನಾಯಿಯನ್ನು ಎಳೆಯುತ್ತಾರೋ ತಿಳಿಯದು. ಕೆರೆಯಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತಾರೆ, ಅಲ್ಲಿ ಯಾರ ಮನೆಯೂ ಇಲ್ಲ, ಕೆಲಸವೂ ಇಲ್ಲ, ತಿರುಗಿ ಬರುತ್ತಾರೆ. ಇದಕ್ಕಾಗಿಯೇ ದೇಶದ ದೊಡ್ಡವರೆಲ್ಲ ಬೇಸಿಗೆಗೆ ಇಲ್ಲಿ ಬಂದು ಕೂಡುತ್ತಾರೆ. ಗುಡ್ಡದ ಮೇಲಿನ ರೈತರ ಮಾತು ಮಾತ್ರ ನಮ್ಮ ಕನ್ನಡವನ್ನೇ ಅರ್ಧ ನುಂಗಿ ಅರ್ಧ ಹೊರಗೆ ಬಿಟ್ಟ ಹಾಗಿದೆ. ಎರಡು ದಿನದಲ್ಲಿ ನನಗೆ ಬಂತು. ಅವರಲ್ಲಿ ಜೋಗಿ ಎಂಬ ಮಾಲಿ ನನಗೆ ಜೀವದ ಗೆಳೆಯನಾದ. ಸಾಹೇಬರ ಮಾತೂ ಅವನಿಗೆ ಗೊತ್ತು. ಮುಂದೆ ನನ್ನ ತಲೆ ಉಳಿಸಿದವನೂ ಅವನೇ, ತೆಗೆಯಲು ಹೊರಟವನೂ ಅವನೇ.

ಈಗ ಹುಲ್ಲಿನ ಕಥೆ.

ನವಾಬರ ಬಂಗಲೆಯ ಬೇಲಿಯಾಚೆ ಬಿಳಿಯರದೊಂದು ಕ್ಲಬ್ಬು. ಅದಕ್ಕೆ ಸೇರಿದ ಬಯಲು ಎಷ್ಟಿದೆ ಎಂದರೆ ನಮ್ಮೂರವರೆಲ್ಲರ ಹೊಲ ಅದರಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಬರೀ ಹುಲ್ಲು. ಜೋಳವಿಲ್ಲ, ಸಜ್ಜೆಯಿಲ್ಲ. ಸಾಹೇಬರು ಕೋಲಿನಿಂದ ಒಂದು ಬಿಳಿ ಚೆಂಡು ಹೊಡೆದು, ತಾವೇ ಹೊಡೆದ ಚೆಂಡನ್ನು ತಾವೇ ಹುಡುಕುತ್ತ ಹೋಗಿ, ಕಡೆಗೆ ಇಲಿಬಿಲದಂಥ ಒಂದು ತೂತಿಗೆ ಹಾಕಿ, ಮತ್ತೆ ತಾವೇ ತೆಗೆಯುತ್ತಾರೆ. ನಾನು ಕೋಲಿನ ಮೇಲೆ ಗದ್ದ ಊರಿ ಎರಡು ದಿನ ನೋಡಿದೆ. ಹುಲ್ಲು ಅಲ್ಲಲ್ಲಿ ಬೋಳಾಗಿ ಹಳದಿ ಹೊಡೆದಿತ್ತು. ಅಯ್ಯೋ ಪಾಪ, ಇಷ್ಟು ದೊಡ್ಡ ಹೊಲದವನಿಗೆ ಕುರಿ ನಿಲ್ಲಿಸುವವರು ಒಬ್ಬರೂ ಸಿಕ್ಕಿಲ್ಲ ಎನಿಸಿತು.

ನೀವೇ ಹೇಳಿರಿ, ನಮ್ಮ ಕಡೆ ಬಿತ್ತುವ ಮುಂಚೆ ರೈತರು ನಮ್ಮ ಹಟ್ಟಿಗೆ ಬಂದು ಎಷ್ಟು ಕೈ ಮುಗಿಯುತ್ತಾರೆ? “ಯಮನೂರಪ್ಪಣ್ಣ, ನನ್ನ ಹೊಲದಾಗ ಎರಡು ರಾತ್ರಿ ಕುರಿ ನಿಲ್ಸು, ಜ್ವಾಳಾ ಕೊಡತೀನಿ, ಬುತ್ತೀನೂ ಕೊಡತೀನಿ” ಎಂದು ಗಂಟು ಬೀಳುತ್ತಾರೆ. ಕುರಿ ಮಲಗಿ ಎದ್ದ ನೆಲ ಎಂದರೆ ಬಂಗಾರ. ಇಲ್ಲಿ ಕೇಳುವ ಬುದ್ಧಿ ಅವರಿಗಿಲ್ಲದಿದ್ದರೇನು, ಕೊಡುವ ಬುದ್ಧಿ ನಮಗಿದೆಯಲ್ಲ! ಒಂದು ಸಂಜೆ ಚೆಂಡಿನವರೆಲ್ಲ ಮನೆಗೆ ಹೋದ ಮೇಲೆ, ಎಲ್ಲಕ್ಕಿಂತ ಬೋಳಾದ ಜಾಗ ನೋಡಿ, ಗೂಟ ಬಡಿದು, ಬಲೆ ಕಟ್ಟಿ, ಚೌಕಾಗಿ ದಡ್ಡಿ ಹಾಕಿ ಕುರಿ ಒಳಗೆ ಬಿಟ್ಟೆ. ಅದು ತೂತಿನ ಸುತ್ತಲ ಜಾಗ, ಅವರಿಗೆ ದೇವರ ಗದ್ದುಗೆಯಿದ್ದ ಹಾಗೆ ಎಂದು ನನಗೇನು ಗೊತ್ತು?

ಬೆಳಗಾಗುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡು ಕ್ಲಬ್ಬಿನ ಕಟ್ಟೆಗೆ ಹೋದೆ. ಹುಲ್ಲಿನ ಕಾರಭಾರ ನೋಡುವ ಸಾಹೇಬ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಹುಲ್ಲುಸಾಹೇಬ ಎಂದೇ ಕರೆಯುತ್ತೇನೆ. ನಾನು ರಾಮರಾಮ ಹೇಳಿ ಚೀಲದ ಬಾಯಿ ಅಗಲಿಸಿ ಹಿಡಿದೆ. ಸಾಹೇಬ ಚೀಲದೊಳಗೆ ನೋಡಿದ. ಬರಿದು. ನನ್ನ ಮುಖ ನೋಡಿದ. ಜೋಗಿಯನ್ನು ಕೂಗಿದ. ನಾನು ಜೋಗಿಗೆ ಹೇಳಿದೆ, “ಮೂವತ್ತು ಕುರಿ, ಒಂದು ರಾತ್ರಿ. ನ್ಯಾಯವಾಗಿ ಎರಡು ಸೇರು ಜ್ವಾಳಾ ಆಗತೈತಿ. ಹೊಸಾ ಗಿರಾಕಿ ಅಂತ ಒಂದೂವರೆ ಸೇರಿಗೆ ಮುಗಸತೀನಿ ಅನ್ನು.”

ಜೋಗಿ ಬಯಲ ಕಡೆ ನೋಡಿದ, ತಲೆಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಸಾಹೇಬನಿಗೆ ಏನು ಹೇಳಿದ ಎಂದು ಸಂಜೆ ನನಗೆ ಬಿಡಿಸಿ ಹೇಳಿದ: “ದೊರೆ, ಇವನ ಕುರಿ ನಿಮ್ಮ ಹುಲ್ಲಿನ ಮೇಲೆ ಹೇತದ್ದಕ್ಕೆ ಇವನು ಕೂಲಿ ಕೇಳ್ತಾನೆ.” ಸಾಹೇಬನ ಮುಖ ಒಣಮೆಣಸಿನಕಾಯಿ ಆಯಿತು. ಬಯಲಿಗೆ ಓಡಿದ. ಚೌಕದ ನಡುವೆ ನಿಂತು ಒಂದು ಬೂಟು ಎತ್ತಿದ, ಅದನ್ನಿಡಲು ಜಾಗ ಸಿಗದೆ ಕೊಕ್ಕರೆಯ ಹಾಗೆ ನಿಂತ. ನಮ್ಮ ಕುಳ್ಳ ಗುಜ್ಜಿ ಕುರಿ ಹೋಗಿ ಅವನ ಕೈಯಲ್ಲಿದ್ದ ಟೋಪಿಯ ಅಂಚು ಮೂಸಿತು.

ಶಿಕ್ಷೆ ಆಯಿತು: ಒಂದೂ ಬಿಡದೆ ಹಿಕ್ಕಿ ಆರಿಸಬೇಕು. ನವಾಬರು ವಿಷಯ ಕೇಳಿ ಎಷ್ಟು ನಕ್ಕರೆಂದರೆ, ಹೊಟ್ಟೆಯ ಉರಿ ಹೋದದ್ದು ಹಾಲಿನಿಂದಲೋ ಆ ನಗುವಿನಿಂದಲೋ ಎಂದು ಇಬ್ರಾಹಿಂಸಾಬನಿಗೆ ಇಂದಿಗೂ ಅನುಮಾನ. ನಾನೂ ಅವನೂ ಮಧ್ಯಾಹ್ನದವರೆಗೆ ಬಗ್ಗಿ ಆರಿಸಿದೆವು. ನಾಲ್ಕು ಪುಟ್ಟಿ ತುಂಬಿದವು. ಅವನು ಸೊಂಟ ಹಿಡಿದುಕೊಂಡು, “ಯಾ ಅಲ್ಲಾ, ಬಿರಿಯಾನಿ ಮಾಡೋ ಕೈಲೆ ಏನ್ ಮಾಡಸ್ತೀಯೋ ನೀನು!” ಎಂದು ಬೈದ. ನಾನು ಅಂದೆ, “ಆರ್ಸು ಆರ್ಸು. ಹಿಕ್ಕಿ ಆರಸಬಹುದು, ನೆಲಾ ಕುಡದದ್ದನ್ನ ಯಾರು ಆರಸ್ತಾರ?”

ಅದೇ ಆಯಿತು. ಮೊದಲ ನಾಲ್ಕು ದಿನ ಆ ಚೌಕ ಸುಟ್ಟ ಹಾಗೆ ಹಳದಿಯಾಯಿತು. ಹುಲ್ಲುಸಾಹೇಬ ನನ್ನನ್ನು ಕಂಡಲ್ಲಿ ಕೋಲು ಎತ್ತುತ್ತಿದ್ದ. ನಾನು ಬೇಲಿಯ ಈಚೆ ಬಗ್ಗಿ ತಿರುಗಾಡುತ್ತಿದ್ದೆ. ಆಮೇಲೆ ಎರಡು ಜಡಿಮಳೆ ಬಿದ್ದವು. ಹನ್ನೆರಡನೆಯ ದಿನ ಬೆಳಿಗ್ಗೆ ಬೇಲಿಯಾಚೆ ನೋಡುತ್ತೇನೆ, ಇಡೀ ಬಯಲಿನಲ್ಲಿ ಒಂದೇ ಒಂದು ಚೌಕ, ನಾನು ಬಲೆ ಕಟ್ಟಿದ ಅಳತೆಗೆ ಸರಿಯಾಗಿ, ನಾಲ್ಕು ಮೂಲೆ ಎದ್ದು ಕಾಣುವಂತೆ, ಗಿಣಿಯ ರೆಕ್ಕೆಯ ಹಾಗೆ ಹಸಿರು! ಸುತ್ತಲಿನದೆಲ್ಲ ಅದರ ಮುಂದೆ ಹಳೆಯ ಚಾಪೆ. ಹತ್ತು ಮಂದಿ ಸಾಹೇಬರು ಸುತ್ತ ನಿಂತು ನೋಡುತ್ತಿದ್ದರು. ಒಬ್ಬ ಮೇಡಂ ಕೈಯಿಂದ ಸವರಿ ನೋಡಿದಳು.

ಮರುದಿನ ಹುಲ್ಲುಸಾಹೇಬ ತಾನೇ ಬಂಗಲೆಯ ಹಿತ್ತಿಲಿಗೆ ಬಂದ. ಹಿಂದೆ ಜೋಗಿ. ಸಾಹೇಬ ಟೋಪಿ ತೆಗೆದ. ಅಕ್ಕಾ, ನನ್ನೆದುರು ಟೋಪಿ ತೆಗೆದ! ಕೈ ಚಾಚಿದ, ನಾನು ಹಿಡಿದು ಕುಲುಕಿದೆ. ನನ್ನ ಕೈಯಲ್ಲಿ ಉಣ್ಣೆಯ ಜಿಡ್ಡಿತ್ತು, ಆದರೂ ಅವನು ಕೈ ಬಿಡಲಿಲ್ಲ. ಉಳಿದ ಬೋಳು ಜಾಗಗಳಲ್ಲೂ ಕುರಿ ನಿಲ್ಲಿಸಬೇಕಂತೆ. ನಾನು ಒಳಗೆ ಹೋಗಿ ಅದೇ ಚೀಲ ತಂದು ಬಾಯಿ ಅಗಲಿಸಿ ಹಿಡಿದೆ. ಈ ಸಲ ನಕ್ಕ. ಈ ಗುಡ್ಡದಲ್ಲಿ ಜೋಳ ಬೆಳೆಯದು. ಕೆಳಗಿನ ಸೀಮೆಯಿಂದ ನನಗಾಗಿ ಎರಡು ಮೂಟೆ ತರಿಸಿದ್ದಾನೆ. ಇರಲು ಕುದುರೆಲಾಯದ ಪಕ್ಕ ಒಂದು ಕೋಣೆ, ತೊಡಲು ಅವನದೇ ಹಳೆಯ ಕೋಟು. ಅದು ನನ್ನ ಮೊಣಕಾಲು ದಾಟುತ್ತದೆ. ಅದನ್ನು ತೊಟ್ಟು ರೊಟ್ಟಿ ಬಡಿಯುವಾಗ ನಾನೇ ಕಲೆಕ್ಟರನ ಹಾಗೆ ಕಾಣುತ್ತೇನೆ ಎಂದು ಜೋಗಿ ಹೇಳಿದ.

ಅಕ್ಕಾ, ಈಗ ಜವಾಬು ಕೇಳು. ಮಾಳಿ, ಇದನ್ನು ನಿಧಾನವಾಗಿ ಓದು, ಅವ್ವನ ಕೈಗೆ ಸಿಗುವ ಹಾಗೆ ಕೂರಬೇಡ.

ಈ ಕೆಲಸ ಆರು ತಿಂಗಳದ್ದು. ಮಾತು ಕೊಟ್ಟಿದ್ದೇನೆ, ಸಾಹೇಬನ ಕೈ ಹಿಡಿದು ಕೊಟ್ಟ ಮಾತು. ದೀಪಾವಳಿ ಕಳೆಯದೆ ಗುಡ್ಡ ಇಳಿಯಲು ಬರುವುದಿಲ್ಲ. ಕಾರಹುಣ್ಣಿಮೆಗೆ ಮದುಮಗ ಇಲ್ಲ. ಗೊತ್ತುಮಾಡಿದ ಲಗ್ನ ತಪ್ಪಿದರೆ ಹೆಣ್ಣಿಗೆ ಮಾತು ಬರುತ್ತದೆ. ಹಂದರ ಹಾಕಿದ ಮೇಲೆ ಬರೀ ಹಂದರ ಬಿಚ್ಚಬಾರದು ಎಂದು ನೀನೇ ಹೇಳುತ್ತಿರುತ್ತೀ. ಅದಕ್ಕೆ ನಾನು ಯೋಚನೆ ಮಾಡಿ, ಈ ತಣ್ಣನೆಯ ಗಾಳಿಯಲ್ಲಿ ಬುದ್ಧಿ ಬಹಳ ಚುರುಕಾಗುತ್ತದೆ, ಒಂದು ದಾರಿ ಕಂಡಿದ್ದೇನೆ. ನಮ್ಮ ಹಟ್ಟಿಗೆ ಬಂದು ಕುರಿಯ ಉಣ್ಣೆ ಕತ್ತರಿಸುವ ಕಳಕಪ್ಪ ಇದ್ದಾನಲ್ಲ, ಅವನಿಗೆ ಕೊಡು. ನನ್ನಷ್ಟು ಮೀಸೆ ಅವನಿಗಿಲ್ಲ, ನನ್ನಷ್ಟು ಓದಿಲ್ಲ, ಹುಲಿ ನೋಡಿಲ್ಲ. ಆದರೆ ಅವನ ಕತ್ತರಿಗೆ ಸಿಕ್ಕ ಕುರಿಯ ಚರ್ಮಕ್ಕೆ ಇಂದಿನವರೆಗೂ ಒಂದು ಗೀರು ಬಿದ್ದಿಲ್ಲ. ಅಂಥ ಕೈಯಲ್ಲಿ ಹೆಣ್ಣು ಸುಖವಾಗಿರುತ್ತದೆ. ನಿನ್ನ ಚಿಂತೆ ಬೇರೆಯವರ ಹೊಸ್ತಿಲಿನದು. ಅವನಿಗೆ ತಾಯಿಯಿಲ್ಲ, ತಂದೆಯಿಲ್ಲ, ಹೊಸ್ತಿಲೇ ಇಲ್ಲ. ಮನೆಅಳಿಯನಾಗಿ ನಮ್ಮ ಹಟ್ಟಿಗೇ ಬರುತ್ತಾನೆ. ಮಗಳು ನಿನ್ನ ಕಣ್ಣೆದುರೇ ಇರುತ್ತಾಳೆ. ಅವನ ಕುಲದ ಬೆಡಗೂ ನಮ್ಮದಲ್ಲ, ಬೇರೆ; ಲಗ್ನಕ್ಕೆ ಅಡ್ಡಿಯಿಲ್ಲ. ಅದನ್ನು ಊರು ಬಿಡುವ ಮುಂಚೆಯೇ ಹಿರಿಯರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ನನ್ನ ಹಕ್ಕು ಬಿಟ್ಟದ್ದಕ್ಕೆ ಗುರುತಾಗಿ ಎರಡು ಅಡಿಕೆ ಈ ಕಾಗದದಲ್ಲಿ ಕಟ್ಟಿದ್ದೇನೆ. ಸೋದರಮಾವನ ಅಡಿಕೆ ಬಂದ ಮೇಲೆ ಯಾವ ಹಿರಿಯನೂ ಬಾಯಿ ತೆಗೆಯುವ ಹಾಗಿಲ್ಲ. ಲಗ್ನದಲ್ಲಿ ಇಬ್ಬರೂ ಕೂರುವ ಕಂಬಳಿ ಸೋದರಮಾವನದೇ ಆಗಬೇಕು. ಅವನು ದೂರದೇಶದಲ್ಲಿದ್ದರೆ ಅವನ ಕಂಬಳಿ ಬಂದರೂ ಅವನೇ ಬಂದ ಹಾಗೆ. ನನ್ನ ಕರಿಕಂಬಳಿಯನ್ನು ಇಬ್ರಾಹಿಂಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ನವಾಬರು ಗುಣವಾಗಿ ಸೋಮವಾರ ಗುಡ್ಡ ಇಳಿಯುತ್ತಾರೆ, ಅವನೂ ಜೊತೆಗೆ ಇಳಿಯುತ್ತಾನೆ. ಹನ್ನೊಂದು ಮರಿಯೂ ಮಾಳಿಯ ಬಳುವಳಿ. ದೀಪಾವಳಿ ಕಳೆದ ಮೇಲೆ ನಾನೇ ಹೊಡೆದುಕೊಂಡು ಬರುತ್ತೇನೆ. ಊಟಿಯಲ್ಲಿ ಹುಟ್ಟಿದ ಕುರಿ ನಮ್ಮ ಸೀಮೆಯಲ್ಲಿ ಬೇರೆ ಯಾರ ಹಟ್ಟಿಯಲ್ಲಿದೆ ಎಂದು ನೋಡೇಬಿಡೋಣ.

ಅಕ್ಕಾ, ನೀನು ಈಗ ನನ್ನನ್ನು ಬೈಯುತ್ತಿದ್ದೀ. ಪೂರ್ತಿ ಬೈದು ಮುಗಿಸು, ಅರ್ಧ ಉಳಿಸಿಕೊಂಡು ಮಗಳಿಗೆ ಬೈಯಬೇಡ. ತಪ್ಪು ನನ್ನದು, ಸಾಹೇಬನದು, ಕುರಿಗಳದು. ಅವಳದೇನೂ ಇಲ್ಲ.

ಇಂತೀ, ಹುಲಿಯನ್ನು ಹಿಂದಕ್ಕೆ ಕಳಿಸಿದವನೂ, ಊಟಿಯ ಹುಲ್ಲನ್ನು ಮುಂದಕ್ಕೆ ತಂದವನೂ ಆದ
ನಿನ್ನ ಸೋದರಮಾವ,
ಯಮನೂರಪ್ಪ
(ರುಜು ನನ್ನದೇ, ಹೆಬ್ಬೆಟ್ಟಲ್ಲ)

ತಾ.ಕ. ● ಈ ಚುಕ್ಕೆ ಎಲ್ಲಕ್ಕಿಂತ ದೊಡ್ಡದು. ಇದಕ್ಕೆ ಮುಚ್ಚುವ ಚುಕ್ಕೆ ಇಲ್ಲ. ಅವ್ವ ನೀರಿಗೆ ಹೋದಾಗ ಓದು.

ಮಾಳಿ, ಸಾಹೇಬ ಕೇಳಿದ್ದು ಹದಿನೈದು ದಿನ. ಆರು ತಿಂಗಳು ಮಾಡು ಎಂದು ಗಂಟು ಬಿದ್ದವನು ನಾನು. ಅಷ್ಟು ದಿನ ಯಾಕೆ ಎಂದು ಅವನು ಜೋಗಿಯ ಬಾಯಿಂದ ಕೇಳಿಸಿದ. ಕುರಿ ಎದ್ದು ಹೋದ ಮೇಲೆಯೇ ಅಲ್ಲವೇ ಹುಲ್ಲು ಚಿಗಿಯುವುದು, ನಾನು ಊರಲ್ಲಿದ್ದರೆ ಅಲ್ಲಿ ಒಂದು ಜಾಗ ಚಿಗಿಯುವುದಿಲ್ಲ ಅಂದೆ. ಜೋಗಿ ಅದನ್ನು ಹೇಗೆ ಹೇಳಿದನೋ ತಿಳಿಯದು. ಸಾಹೇಬ ಆಗಲಿ ಅಂದ.

ಉಗಾದಿಯ ಮುಂಚೆ ನೀನು ನಾಲ್ಕು ತಿಂಗಳು ಕೂತು ಸಣ್ಣಗೆ ಉಣ್ಣೆ ನೂತೆ. ಅಷ್ಟು ಸಣ್ಣ ಎಳೆ ನೀನು ಹಿಂದೆಂದೂ ತೆಗೆದಿರಲಿಲ್ಲ. ಅಂಚಿಗೆ ಕೆಂಪು ಬಣ್ಣವನ್ನೂ ಹಾಕಿದೆ. ಲಗ್ನಕ್ಕೆ ನನಗೇ ಕಂಬಳಿ ಮಾಡಿಸುತ್ತಿದ್ದಾಳೆ ಎಂದು ನಾನು ಮೀಸೆ ತಿರುವಿಕೊಂಡು ತಿರುಗಿದೆ. ಆಮೇಲೆ ಒಂದು ಬೆಳಿಗ್ಗೆ ಕಳಕಪ್ಪ ಹೊಸ ಕಂಬಳಿ ಹೊದ್ದು ದಡ್ಡಿಗೆ ಬಂದ. ಕುಷ್ಟಗಿಯ ಸಂತೆಯಲ್ಲಿ ಕೊಂಡೆ ಅಂದ. ಅಂಚು ಕೆಂಪಗಿತ್ತು, ಎಳೆಯ ಹುರಿ ನಿನ್ನ ರಾಟಿಯದರ ಹಾಗೆ ಎಡಕ್ಕೆ ತಿರುಗಿತ್ತು. ನಿನ್ನ ಕೈಗೆ ರಾಟಿ ಕೊಟ್ಟು ಕಲಿಸಿದವನಿಗೆ ಅದನ್ನು ಯಾವ ಸಂತೆಯೂ ಮರೆಸಲಾರದು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಿನ್ನ ಮೂಗು ಒರೆಸಿ ಕುರಿ ಕಾಯ್ದವನು ನಾನು. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದಿದ್ದದ್ದೂ ಒಳ್ಳೆಯದೇ ಆಯಿತು, ಊಟಿ ನೋಡಿದೆ.

ಕಳಿಸಿದ ಕಂಬಳಿ ಒಂದು ಮೂಲೆಯಲ್ಲಿ ಬಿಚ್ಚಿದೆ. ಹುಲಿಯ ದಿನ ಗುಜ್ಜಿ ಕುರಿ ಅದರ ಮೇಲೆ ನಿಂತು ಹರಿದದ್ದು. ಲಗ್ನದ ಮುಂಚೆ ಹೊಲಿದುಬಿಡು. ಕೆಂಪು ಎಳೆ ಇನ್ನೂ ಸ್ವಲ್ಪ ಉಳಿದಿದ್ದರೆ ಅದರಲ್ಲೇ ಹೊಲಿ. ಮಾವನ ಪಾಲಿಗೆ ಅಷ್ಟು ಸಾಕು.